ಕೇಬಲ್ಲಿನಲ್ಲಿ ಬಂದ ಮೈಲಾರಲಿಂಗ

ಪುಕ್ಕಟೆ ಸಿಕ್ಕ ಮಜ್ಜಿಗೆಯನ್ನು ಜನ ಸೋಸಿ ಕುಡಿಯುತ್ತಾರೆ. ರೊಕ್ಕ ಕೊಟ್ಟ ಹಾಲಿನಲ್ಲಿ ನೊಣ ತೇಲಿದರೆ ತೆಗೆದೊಗೆದು ಕುಡಿಯುತ್ತಾರೆ. ಟಿ.ವಿ.ಯದೂ ಇದೇ ಹಣೆಬರಹ. ಮಾಳಿಗೆ ಮೇಲೆ ಆಂಟೆನಾ ಇದ್ದ ಕಾಲಕ್ಕೆ ಸರ್ಕಾರದವರೇ ಸೋಸಿ ಕಳಿಸುತ್ತಿದ್ದರು. ಗಂಡು ಹೆಣ್ಣು ಹತ್ತಿರ ಬಂದರೆ ಎರಡು ಹೂವು ಅಲ್ಲಾಡುತ್ತಿದ್ದವು, ಮುಂದಿನದು ನಮಗೆ ಸಂಬಂಧವಿರಲಿಲ್ಲ. ಆಮೇಲೆ ತಿಂಗಳಾ ರೊಕ್ಕ ಕೊಡುವ ಕೇಬಲ್ ಬಂತು, ಹೂವು ಹೋದವು. ಕೇಬಲ್ಲಿಗೂ ಕಾನೂನು ಇದೆ ಅಂತ ಮೊಮ್ಮಗಳು ಗಿರಿಜಾ ಪೇಪರು ಓದಿ ಹೇಳಿದಳು. ಇರಬಹುದು. ಅದು ನಮ್ಮ ಕೊಟ್ಟೂರಿನ ಬಸ್ಸು ಹತ್ತಿದ್ದನ್ನು ನಾನಂತೂ ಕಾಣೆ.

ಮುತ್ತು ಕೊಡುವುದು ದೊಡ್ಡ ಪಾಪ ಅಂತ ನಾನು ಹೇಳುವುದಿಲ್ಲ. ಆರು ಹೆತ್ತವಳು, ಹೂವು ಅಲ್ಲಾಡಿಸಿ ಹೆತ್ತಿಲ್ಲ. ಒಬ್ಬಳೇ ಕೂತು ನೋಡಿದರೆ ಏನೂ ಅನ್ನಿಸುವುದಿಲ್ಲ. ಪಡಸಾಲೆಯಲ್ಲಿ ಮಗ, ಸೊಸೆ, ಸೊಸೆಯ ಅಪ್ಪ ಕೂತಾಗ ಅದೇ ಮುತ್ತು ಬಂದರೆ ಒಬ್ಬರಿಗೆ ಕೆಮ್ಮು, ಒಬ್ಬರಿಗೆ ನೀರಡಿಕೆ. ಹೊಲಸು ಇರುವುದು ಡಬ್ಬಿಯಲ್ಲೋ ಪಡಸಾಲೆಯಲ್ಲೋ ನನಗೆ ಇಂದಿಗೂ ತಿಳಿದಿಲ್ಲ.

ಆಗ ಗಿರಿಜಾಳನ್ನು ನೋಡಲು ಹಡಗಲಿ ಕಡೆಯವರು ಬರುವುದಿತ್ತು. ಹುಡುಗ ಅವಳ ಮನಸ್ಸಿಗೆ ಹಿಡಿಸಿದ್ದ, ಅವನಪ್ಪ ಒಪ್ಪಬೇಕಿತ್ತು. ಆತ ಭಾರೀ ದೈವಭಕ್ತನಂತೆ. ಟಿ.ವಿ. ಆರಿಸಿದರೆ ನಮ್ಮ ಹೊಸ ಕಲರ್ ಟಿ.ವಿ. ಅವರಿಗೆ ತಿಳಿಯುವುದು ಹೇಗೆ? ಹಚ್ಚಿದರೆ ಏನು ಬರುತ್ತದೋ ಯಾರಿಗೆ ಗೊತ್ತು?

ಊರಿಗೆಲ್ಲ ಕೇಬಲ್ ಎಳೆದ ಕೊಟ್ರೇಶ ಮನೆಯಲ್ಲೇ ಕೂತು ಕ್ಯಾಸೆಟ್ಟಿನ ಸಿನಿಮಾ ಬಿಡುತ್ತಿದ್ದ. ಹೋಗಿ, ಹೊಲಸು ತೆಗೆದು ಬಿಡು ಅಂದೆ.

“ಸರ್ಕಾರದ್ದು ಪುಕ್ಕಟೆ ಐತಿ ದೊಡ್ಡವ್ವ, ಹೆಂಗರ ಕತ್ತರಿಸ್ಲಿ. ಇದು ರೊಕ್ಕ ಕೊಟ್ಟು ನೋಡೋದು.”

“ಖಾನಾವಳ್ಯಾಗ ರೊಕ್ಕ ಕೊಟ್ಟೀವಂತ ಹಳಸಿದ್ದು ಉಣ್ತಾರೇನಲೇ?”

ನಕ್ಕುಬಿಟ್ಟ. ಹಾಗಾದರೆ ಮೊದಲು ನೀನೇ ನೋಡಿ ಹೇಳು ಅಂದ. ಅಂದಿನಿಂದ ಬೆಳಿಗ್ಗೆ ರೊಟ್ಟಿ ತಿಂದು ಅವನ ಮನೆಗೆ ಹೋಗಿ ಸಿನಿಮಾ ಪೂರಾ ನೋಡಿ, ಬಾವಿಕಟ್ಟೆಯದು ಬೇಡ, ಮಳೆ ಹಾಡು ಬೇಡ ಅಂತ ಹೇಳಿ ಬರುತ್ತಿದ್ದೆ. ಮದುವೆ ವಿಡಿಯೋ ತೆಗೆಯುವ ಹುಡುಗ ಅವನು, ನಮ್ಮ ದೇವರ ಜಗಲಿಯ ಮೈಲಾರಲಿಂಗನ ಫೋಟೋವನ್ನು ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ. ಬೇಡದ್ದು ಬಂದ ಕೂಡಲೇ ಚಿತ್ರದ ವೈರು ಕಿತ್ತು ಆ ಕ್ಯಾಸೆಟ್ಟು ಹಾಕಿದ ಇನ್ನೊಂದು ವಿ.ಸಿ.ಆರ್.ಗೆ ಸಿಕ್ಕಿಸುತ್ತಿದ್ದ. ಸದ್ದಿನ ವೈರಿನ ನೆನಪು ಇರುತ್ತಿರಲಿಲ್ಲ. ಹೀಗಾಗಿ ಕುದುರೆ ಏರಿದ ದೇವರು ಕಣ್ಣಿಗೆ, ನಾಯಕಿಯ ಏದುಸಿರು ಕಿವಿಗೆ. ಊರು ಬೇಗ ಕಲಿತಿತು. ದೇವರು ಬಂದ ಅಂದರೆ ಏನೋ ನಡೆದಿದೆ ಅಂತ ಅರ್ಥ. ಗುಡಿಯಲ್ಲಿ ಮಂಗಳಾರತಿ ಹೊತ್ತಿಗೂ ಹರೆಯದವರು ಮುಸಿಮುಸಿ ನಗತೊಡಗಿದರು. ಇದೇನೋ ಎಡವಟ್ಟಾಯಿತು ಅಂತ ನನಗೆ ಅನ್ನಿಸುವುದರೊಳಗೆ ಹಡಗಲಿಯವರು ಬಂದು ಕೂತರು.

ಮಂಡಕ್ಕಿ ಮೆಣಸಿನಕಾಯಿ ಕೊಟ್ಟೆವು. ಟಿ.ವಿ.ಯಲ್ಲಿ ಮಳೆ ಶುರುವಾಯಿತು, ದೇವರು ಬಂದ. ಹುಡುಗನ ಅಪ್ಪ ತಟ್ಟೆ ಕೆಳಗಿಟ್ಟು, ಎದ್ದು ನಿಂತು, ಕಣ್ಣು ಮುಚ್ಚಿ “ಏಳುಕೋಟಿ, ಏಳುಕೋಟಿ” ಅಂದ. ಮೈಲಾರಲಿಂಗ ಅವರ ಮನೆದೇವರು. ಹಿರಿಯ ನಿಂತ ಮೇಲೆ ಕೂರುವುದು ಹೇಗೆ? ಎಲ್ಲರೂ ಕೈಮುಗಿದು ನಿಂತೆವು. ಹಾಡು ಮುಗಿಯಲೊಲ್ಲದು. ಮಗ ಜಂತಿ ಎಣಿಸುತ್ತಿದ್ದ. ಚಹಾ ತಟ್ಟೆ ಹಿಡಿದ ಗಿರಿಜಾ ಕೆಳತುಟಿ ಕಚ್ಚಿಕೊಂಡು ನನ್ನನ್ನು ನುಂಗುವಂತೆ ನೋಡಿದಳು. ಈ ಸಂಬಂಧ ಹೋಯಿತು ಅಂದುಕೊಂಡೆ.

ಮಳೆ ನಿಂತಿತು. ಆತ ಕಣ್ಣೊರೆಸಿಕೊಂಡು ಕೂತ. “ಸಿನಿಮಾ ನಡುವೆನೂ ದೇವರನ್ನ ನೆನಿಯೋ ಊರು. ಈ ಮನಿ ಹೆಣ್ಣು ನಾವು ಬಿಡಂಗಿಲ್ರಿ.”

ನಾನು ಉಸಿರು ಬಿಟ್ಟು ಒಳಗೆ ಹೋದರೆ, ಆತನ ಹೆಂಡತಿ ಹಿಂದೆಯೇ ಬಂದಳು. ಒಲೆ ಹತ್ತಿರ ಕೂತು ಮೆಲ್ಲಗೆ ಕೇಳಿದಳು, “ಅಕ್ಕಾರ, ದೇವರ ಹಿಂದ ಏನು ನಡೆದಿತ್ರಿ?”

ಸೀರೆಯ ಬಣ್ಣದಿಂದ ಹಿಡಿದು ಎಲ್ಲಾ ಹೇಳಿದೆ. ಕೊಟ್ಟೂರಿನಲ್ಲಿ ಅದನ್ನು ಬಿಡದೆ ನೋಡಿದವರು ಕೊಟ್ರೇಶನನ್ನು ಬಿಟ್ಟರೆ ನಾನೊಬ್ಬಳೇ. ಪುರಾಣ ಓದಬೇಕು ಅಂತ ಮಗನ ಕೈಲಿ ಆಗಷ್ಟೇ ಹೊಸ ಕನ್ನಡಕ ಮಾಡಿಸಿಕೊಂಡಿದ್ದೆ. ಪುರಾಣ ಇನ್ನೂ ಮೊದಲ ಪುಟದಲ್ಲೇ ಇದೆ.