‘ಕೆಟ್ಟೈತೆ’ ಅಂದರೆ ಅತ್ತೆಗೆ ಸಾಲದು

ನಮ್ಮ ಅತ್ತೆಯ ಮುಂದೆ ಯಾರೂ ‘ಕೆಟ್ಟಿದೆ’ ಅನ್ನುವ ಮಾತು ಆಡಬಾರದು. ಆಡಿದಿರೋ, ನೀವು ಕೆಟ್ಟಿರಿ! ಮಿಕ್ಸಿ ಕೆಟ್ಟಿರಲಿ, ಹೊಟ್ಟೆ ಕೆಟ್ಟಿರಲಿ, ಅತ್ತೆ ಕನ್ನಡಕ ಸರಿಮಾಡಿಕೊಂಡು ವಿಚಾರಣೆಗೆ ಕೂತುಬಿಡುತ್ತಾರೆ. “ಹೆಂಗ ಕೆಟ್ಟೈತೆ? ಯಾವಾಗಿಂದ? ಕೆಡೋ ಮುಂಚೆ ನೀನೇನು ಮಾಡಿದ್ದೆ? ದಿನಾ ಕೆಡ್ತೈತೋ, ಆಗಾಗ ಕೆಡ್ತೈತೋ?” ಒಮ್ಮೆ ನೆಂಟರೊಬ್ಬರು ಸುಮ್ಮನೆ ಮಾತಿಗೆ “ಕಾಲ ಕೆಟ್ಟೋತು ಬಿಡ್ರಿ” ಅಂದುಬಿಟ್ಟರು. ಅರ್ಧ ಗಂಟೆ ಅತ್ತೆಯ ಪ್ರಶ್ನೆಗಳಿಗೆ ಬೆವರಿ, ಕೊನೆಗೆ “ಇಲ್ರೀ, ಕಾಲ ಚೆನ್ನಾಗೇ ಐತೆ” ಎಂದು ಹೇಳಿಕೆ ಬದಲಿಸಿ ಎದ್ದುಹೋದರು!

ಇದಕ್ಕೆಲ್ಲ ಕಾರಣ ಅತ್ತೆಯ ನೌಕರಿ. ನಮ್ಮಪ್ಪನ ಅಕ್ಕ ಅವರು. ಹರಿಹರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದೂರು ಬರೆದುಕೊಳ್ಳುವ ಕುರ್ಚಿಯ ಮೇಲೆ ಮೂವತ್ತು ವರ್ಷ ಕೂತವರು. ಮೂವತ್ತು ವರ್ಷ ಜನ ಅವರ ಕಿವಿಯಲ್ಲಿ ಕಿರುಚಿದ್ದು ಒಂದೇ ಮಾತು: “ನಮ್ ಫೋನ್ ಸರಿ ಇಲ್ರೀ!” ಡಯಲ್ ಟೋನ್ ಬರುತ್ತಿಲ್ಲವೋ, ಬೇರೆಯವರ ಮಾತು ನಡುವೆ ಕೇಳುತ್ತಿದೆಯೋ, ಇಲಿ ವೈರು ಕಡಿದಿದೆಯೋ, ಯಾವುದನ್ನೂ ಹೇಳುವುದಿಲ್ಲ. ಕಿರುಚುವುದು, ಇಡುವುದು. ಅತ್ತೆ ಮಾತ್ರ ಸಿಟ್ಟಾಗದೆ ಒಂದೊಂದೇ ಕೇಳಿ, ಬರೆದುಕೊಂಡು, ಡಾಕೆಟ್ ನಂಬರ್ ಕೊಡುತ್ತಿದ್ದರು. ದೂರಿಗೊಂದು ನಂಬರು ಅಂದಮೇಲೆ ಅದಕ್ಕೊಂದು ಮರ್ಯಾದೆ ಇರುತ್ತೆ ಅಂತ ಅವರ ನಂಬಿಕೆ.

ನಿವೃತ್ತಿಯಾದ ಮೇಲೆ ದೂರು ಬರುವುದು ನಿಂತಿತು. ಸರಿ, ಅತ್ತೆ ದೂರು ಕೊಡಲು ಶುರುಮಾಡಿದರು! ಅದೂ ಎಂಥ ದೂರು! ಒಮ್ಮೆ ದಾವಣಗೆರೆಗೆ ನಮ್ಮ ಮನೆಗೆ ಬಂದಾಗ ದೋಸೆ ತಿನ್ನಿಸಲು ಕರೆದುಕೊಂಡು ಹೋಗಿದ್ದೆ. ನಾನು ಸಪ್ಲೈಯರ್‌ಗೆ “ಏನಪ್ಪಾ, ಚಟ್ನಿ ಚೆನ್ನಾಗಿಲ್ಲ” ಅಂದೆ. ಅತ್ತೆ ನನ್ನ ಕೈ ಹಿಡಿದು ತಡೆದರು.

“ಹಂಗಂದ್ರೆ ಅವನೇನು ಮಾಡ್ಬೇಕು? ತಾಳು.” ಆಮೇಲೆ ಅವನ ಕಡೆ ತಿರುಗಿ, “ತಮ್ಮಾ, ಮೊದಲನೇ ದೋಸೆ ಜೊತೆ ಕೊಟ್ಟ ಚಟ್ನಿ ಸರಿ ಇತ್ತು. ಎರಡನೇ ಸಲ ಕೊಟ್ಟಿದ್ದರಾಗೆ ಉಪ್ಪಿಲ್ಲ. ಬ್ಯಾರೆ ಪಾತ್ರೆಯಿಂದ ತಂದೇನು?” ಅಂದರು.

ಅವನು ಒಳಗೆ ಹೋದ. ಎರಡು ನಿಮಿಷಕ್ಕೆ ಭಟ್ಟರೇ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಓಡಿಬಂದರು. “ಹೌದ್ರಮ್ಮ, ಹೊಸಾ ಪಾತ್ರೆದು. ಉಪ್ಪು ಹಾಕೋದೇ ಮರೆತಿದ್ವಿ!” ಅಂದಿನ ಬಿಸಿ ಬಿಸಿ ಮೂರನೇ ದೋಸೆಗೆ ಬಿಲ್ಲೇ ಬರಲಿಲ್ಲ. ಬರೀ ‘ಚೆನ್ನಾಗಿಲ್ಲ’ ಅಂದಿದ್ದ ನನ್ನ ಮುಖವನ್ನು ಭಟ್ಟರು ತಿರುಗಿಯೂ ನೋಡಲಿಲ್ಲ!

ಡಾಕ್ಟರಿಗಂತೂ ಅತ್ತೆ ಅಂದರೆ ಪ್ರಾಣ. “ಎಡಗಾಲಿನ ಮಂಡಿ. ಮೆಟ್ಟಿಲು ಹತ್ತುವಾಗ ನೋವಿಲ್ಲ, ಇಳಿಯುವಾಗ ಮಾತ್ರ. ಅದೂ ಮೂರನೇ ಮೆಟ್ಟಿಲಿಂದ. ಚಪ್ಪಲಿ ಬದಲಿಸಿ ನೋಡಿದೆ, ವ್ಯತ್ಯಾಸ ಇಲ್ಲ.” ಇಷ್ಟು ಕೇಳಿ ಆ ಡಾಕ್ಟರು ತಮ್ಮ ಕೈಕೆಳಗೆ ಕಲಿಯುತ್ತಿದ್ದವರನ್ನೆಲ್ಲ ಕರೆದು, “ನೋಡ್ರಿ, ರೋಗಿ ಅಂದ್ರೆ ಹಿಂಗಿರಬೇಕು” ಅಂದರಂತೆ. ಯಾವ ಕಾಯಿಲೆಗೂ ಸಿಗದ ಗೌರವ!

ಇನ್ನು ಮಾವ. ಅತ್ತೆಯ ಗಂಡ. ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವರು. ಮಾತು ಕಡಿಮೆ, ಪೇಪರ್ ಓದುವುದು ಜಾಸ್ತಿ. ತಲೆಬರಹದಿಂದ ಹಿಡಿದು ಕೊನೆಯ ಪುಟದ ಕೆಳಗಿನ ಮುದ್ರಕರ ವಿಳಾಸದವರೆಗೆ ಒಂದಕ್ಷರ ಬಿಡುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಗ್ಲೂಕೋಮಾ ಅವರ ಕಣ್ಣನ್ನು ಪೂರ್ತಿ ತೆಗೆದುಕೊಂಡಿತು. ಕೆಲವು ತಿಂಗಳು ಕಳೆದ ಮೇಲೆ ನಾನು ಅವರ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟೆ. ಪೇಪರಿನವರ ವೆಬ್‌ಸೈಟಿನಲ್ಲಿ ಇರುವುದನ್ನೆಲ್ಲ ಹೆಣ್ಣು ದನಿಯಲ್ಲಿ ಕನ್ನಡದಲ್ಲೇ ಓದಿ ಹೇಳುತ್ತದೆ. ಬಿಟ್ಟಿ. ಯಾವ ಕಂಪನಿಯದೂ ಅಲ್ಲ. ಓಪನ್ ಸೋರ್ಸ್ ಅನ್ನುತ್ತಾರಲ್ಲ, ಹಾಗೆ ಎಲ್ಲೆಲ್ಲೋ ಇರುವ ನಾಲ್ಕಾರು ಜನ ತಮ್ಮ ಕೆಲಸ ಮುಗಿಸಿಕೊಂಡು, ಬಿಡುವಿನಲ್ಲಿ ಸೇರಿ ಕಟ್ಟಿದ್ದು. ಮಾವ ಆ ದನಿಗೆ ‘ಆ ಹುಡುಗಿ’ ಎಂದು ಹೆಸರಿಟ್ಟರು. ಬೆಳಿಗ್ಗೆ ಎದ್ದರೆ ಹುಡುಗಿ, ಮಧ್ಯಾಹ್ನ ಉಂಡರೆ ಹುಡುಗಿ! “ನನ್ನ ದನಿ ನಲವತ್ತು ವರ್ಷದಾಗೆ ಇಷ್ಟು ಕೇಳಿಲ್ಲ ನೀವು” ಎಂದು ಅತ್ತೆ ಮುಖ ತಿರುವುತ್ತಿದ್ದರು. “ಅಕಿ ನಿಲ್ಲಿಸು ಅಂದ್ರೆ ನಿಲ್ಲಿಸ್ತಾಳೆ” ಅಂತ ಮಾವ!

ಹೋದ ಚುನಾವಣೆ ಹೊತ್ತಿಗೆ ಒಂದು ಭಾನುವಾರ ಹರಿಹರಕ್ಕೆ ಹೋದೆ. ಪೇಟೆ ತುಂಬ ಬಾವುಟ, ಮೈಕು, ಬಸ್ಸು ಮುಂದೆ ಹೋಗಲಾರದಷ್ಟು ಜನ. ಆ ಗದ್ದಲ ಮುಟ್ಟದ ಊರಾಚೆಯ ಮನೆಯೊಳಗೆ ಮಾವ ಆರಾಮಾಗಿ ಕೂತು, “ಈ ಸಲ ಚುನಾವಣೆ ಭಾಳ ಶಾಂತ ಐತೆ ನೋಡು. ಒಂದು ಮೆರವಣಿಗೆ ಇಲ್ಲ, ಒಂದು ಸಭೆ ಇಲ್ಲ” ಅಂದರು. ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮಾವನ ಫೋನಿನ ಕಡೆ ಬೆರಳು ತೋರಿಸಿದರು. ಹುಡುಗಿ ಸುದ್ದಿ ನುಂಗುತ್ತಿದ್ದಳು! ಹೊಸ ಅಪ್‌ಡೇಟ್ ಬಂದಾಗಿನಿಂದ ನಡುನಡುವೆ ಇಡೀ ವಾಕ್ಯಗಳನ್ನೇ ಬಿಟ್ಟು ಮುಂದೆ ಹೋಗುತ್ತಿದ್ದಳು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ಸುಮ್ಮನಿರಲಾಗುತ್ತದೆಯೇ? ಅಲ್ಲೇ ಫೋನ್ ತೆಗೆದು, ಆ ತಂಡದವರು ದೂರು ಬರೆಯಲು ಇಟ್ಟಿರುವ ಪುಟದಲ್ಲಿ ಇಂಗ್ಲಿಷಿನಲ್ಲಿ ಬರೆದೆ: ‘ಕನ್ನಡ ಕೆಲಸ ಮಾಡುತ್ತಿಲ್ಲ. ತುಂಬಾ ಕೆಟ್ಟ ಆ್ಯಪ್. ಕೂಡಲೇ ಸರಿಪಡಿಸಿ!!!’ ಮೂರು ಆಶ್ಚರ್ಯಸೂಚಕ ಚಿಹ್ನೆ ಹಾಕಿದ ಮೇಲೆ ಕೆಲಸ ಆಗದೇ ಇರುತ್ತದೆಯೇ?

ಆಗಲಿಲ್ಲ. ಎರಡು ದಿನಕ್ಕೆ ಉತ್ತರ ಬಂತು: ‘ನಮ್ಮಲ್ಲಿ ಕನ್ನಡ ಓದುತ್ತಲೇ ಇದೆ. ನೀವು ಏನು ಮಾಡಿದಾಗ ಏನಾಯಿತು, ತಿಳಿಸುವಿರಾ?’ ನನಗೆ ಉರಿಯಿತು. ಉತ್ತರ ಬರೆಯಲಿಲ್ಲ. ವಾರ ಕಳೆದ ಮೇಲೆ ಅವರು ದೂರನ್ನು ಮುಚ್ಚಿಬಿಟ್ಟರು. ಮುಂದಿನ ಭಾನುವಾರ ಇದನ್ನೆಲ್ಲ ಅತ್ತೆಗೆ ಸಿಟ್ಟಿನಿಂದ ವರದಿ ಮಾಡಿದೆ.

ಅತ್ತೆ ನನ್ನ ದೂರನ್ನು ಓದಿಸಿಕೊಂಡರು. ಮುಖ ಕೆಂಪಾಯಿತು.

“ಇವನ್ಯಾರೋ ತನ್ನ ಮನೆ ಕೆಲಸ ಬಿಟ್ಟು ಬಿಟ್ಟಿ ಮಾಡ್ತಾನೆ ಅಂತೀಯ. ಅಂಥವನಿಗೆ ಹಿಂಗ ಬರೆಯೋದೇನು? ನೀನು ಕಂಪ್ಯೂಟರ್ ಮೇಷ್ಟ್ರು ಬ್ಯಾರೆ!”

“ಅಲ್ಲತ್ತೆ, ಕೆಟ್ಟೈತೆ ಅಂತ ಹೇಳಿದೆ ಅಷ್ಟೇ...”

“ಹೆಂಗ ಕೆಟ್ಟೈತೆ?”

ಮುಗಿಯಿತು ನನ್ನ ಕತೆ!

ಮಾರನೆಯ ದಿನದಿಂದ ಅತ್ತೆಯ ಡ್ಯೂಟಿ ಶುರು. ಬೆಳಿಗ್ಗೆ ಹುಡುಗಿ ಓದುತ್ತಿದ್ದರೆ, ಅತ್ತೆ ಎದುರಿಗೆ ಅದೇ ಪೇಪರ್ ಹರಡಿಕೊಂಡು, ಅವಳು ನುಂಗಿದ ವಾಕ್ಯಗಳ ಕೆಳಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಗೆರೆ ಎಳೆಯುವುದು. ಮೊದಲು ವಾಕ್ಯ ಉದ್ದವಾದರೆ ಬಿಡುತ್ತಾಳೆ ಅಂದುಕೊಂಡರು. ಗಿಡ್ಡ ವಾಕ್ಯವನ್ನೂ ಬಿಟ್ಟಳು. ಅಂಕಿ ಬಂದರೆ ಬಿಡುತ್ತಾಳೆ ಅಂದುಕೊಂಡರು. ಮಾರುಕಟ್ಟೆ ಧಾರಣೆಯನ್ನೆಲ್ಲ ಗಡಗಡ ಓದಿದಳು. “ಅಕಿಗೆ ರಾಜಕೀಯ ಆಗಿಬರಲ್ಲ. ಜಾಣೆ” ಎಂದು ಮಾವ ತಮ್ಮ ಸಂಶೋಧನೆ ಮಂಡಿಸಿದರು. ಎಂಟು ದಿನ ಹೀಗೇ ನಡೆಯಿತು.

ಒಂಬತ್ತನೆಯ ದಿನ ನಾನು ಪಾಠ ಮಾಡುತ್ತಿದ್ದಾಗ ಫೋನು. “ಸಿಕ್ತು! ಲೈಬ್ರರಿ ಸುದ್ದಿ ಬಿಟ್ಲು! ಲೈಬ್ರರಿಯಾಗೆ ರಾಜಕೀಯ ಎಲ್ಲೈತೆ? ಬೇಗ ಬಾ!”

ಸಂಜೆ ಹೋದೆ. ಅತ್ತೆ ಪೇಪರುಗಳನ್ನು ನೆಲದ ಮೇಲೆ ಹಾಸಿ ನಡುವೆ ಕೂತಿದ್ದರು. ಕೆಂಪು ಗೆರೆಯ ವಾಕ್ಯಗಳನ್ನು ಒಂದೊಂದಾಗಿ ತೋರಿಸಿದರು. ಪಕ್ಷದ ರ‍್ಯಾಲಿ. ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್. ಗ್ರಂಥಾಲಯಕ್ಕೆ ಹೊಸ ರ‍್ಯಾಕ್.

“ನೋಡು. ಸೂರ್ಯ ಅಂತ ಬರೆದ್ರೆ ‘ರ’ ಏನಾಗ್ತಾನೆ? ಅರ್ಕಾವೊತ್ತಾಗಿ ಸೊಂಡಿಲು ಮಡಚಿಕೊಂಡು ಪಕ್ಕಕ್ಕೆ ಹೋಗಿ ಕುಂದ್ರತಾನೆ. ಅದನ್ನ ಓದ್ತಾಳೆ. ಇಲ್ಲಿ ‘ರ’ ನೆಟ್ಟಗೆ ನಿಂತಾನೆ, ‘ಯ’ ಕೆಳಗೆ ಜೋತುಬಿದ್ದಾನೆ. ಇವನನ್ನ ಕಂಡ್ರೆ ಅಕಿ ಇಡೀ ವಾಕ್ಯನೇ ಬಿಟ್ಟು ಓಡ್ತಾಳೆ!”

ನಾನು ಆ್ಯಪಿನಲ್ಲೇ ‘ಸೂರ್ಯ ಬಂದ’ ಎಂದು ಟೈಪ್ ಮಾಡಿದೆ. ಓದಿತು. ‘ರ‍್ಯಾಕ್ ಬಂತು’ ಎಂದು ಟೈಪ್ ಮಾಡಿದೆ. ಗಪ್‌ಚುಪ್! ಮತ್ತೆ ಮತ್ತೆ ಹತ್ತು ಸಲ ಮಾಡಿದೆವು, ಹತ್ತು ಸಲವೂ ಮೌನ. ತಪ್ಪೊಂದು ಇಷ್ಟು ಶಿಸ್ತಾಗಿ ನಡೆದುಕೊಂಡಿದ್ದಕ್ಕೆ ಅತ್ತೆಗೆ ಆದ ಸಂತೋಷ ಹೇಳತೀರದು.

ಆಮೇಲೆ ಬರೆಯಲು ಕೂತೆವು. ಅತ್ತೆ ಹೇಳುವುದು, ನಾನು ಇಂಗ್ಲಿಷಿಗೆ ಇಳಿಸುವುದು. ಮೊದಲಿಗೆ, ಬೇರೆ ಯಾರಾದರೂ ಇದನ್ನೇ ಬರೆದಿದ್ದಾರೇನು ಅಂತ ಹುಡುಕಿಸಿದರು. “ಒಂದೇ ಲೈನಿಗೆ ಹತ್ತು ಮಂದಿ ದೂರು ಕೊಟ್ರೆ ಲೈನ್‌ಮ್ಯಾನ್‌ಗೆ ತಲೆ ಕೆಡ್ತೈತೆ.” ಯಾರೂ ಬರೆದಿರಲಿಲ್ಲ. ಫೋನಿನ ಮಾಡೆಲ್ಲು, ಆ್ಯಪಿನ ಯಾವ ಅವತರಣಿಕೆ, ಅದರ ಹಿಂದಿನದರಲ್ಲಿ ಸರಿ ಇತ್ತು ಎಂಬುದು, ಟೈಪ್ ಮಾಡಬೇಕಾದ ಎರಡು ಪದ, ಏನು ಕೇಳಿಸಬೇಕಿತ್ತು, ಏನು ಕೇಳಿಸಿತು. ಅಷ್ಟೇ. ನಡುವೆ ಆ್ಯಪಿನ ಗುಂಡಿಗಳು ಸಣ್ಣಗಿವೆ ಎಂದು ಸೇರಿಸಹೋದೆ. “ಅದು ಬ್ಯಾರೆ ದೂರು. ಬ್ಯಾರೆ ಡಾಕೆಟ್ ತಗೋ” ಎಂದು ಗದರಿದರು.

ಕೊನೆಯಲ್ಲಿ, ಮನ ಕರಗಲಿ ಅಂತ, ‘ಇದನ್ನು ಬಳಸುತ್ತಿರುವವರು ಕಣ್ಣು ಕಳೆದುಕೊಂಡ ವೃದ್ಧರು’ ಎಂದು ಬರೆದೆ. ಅತ್ತೆ ಅದನ್ನೂ ಓದಿಸಿಕೊಂಡರು.

“ಅದನ್ನ ತೆಗಿ.”

“ಇರಲಿ ಅತ್ತೆ, ಬೇಗ ಮಾಡ್ತಾರೆ.”

“ತೆಗಿ ಅಂದ್ನಲ್ಲ. ಕಣ್ಣನ್ನೇನು ಅವನು ರಿಪೇರಿ ಮಾಡ್ತಾನ? ರ‍್ಯಾಕ್ ರಿಪೇರಿ ಮಾಡ್ಲಿ, ಸಾಕು.”

ತೆಗೆದೆ. ಕಳಿಸಿದ ತಕ್ಷಣ ಪರದೆಯ ಮೇಲೆ ದೂರಿಗೊಂದು ನಂಬರ್ ಬಂತು. ಅತ್ತೆಯ ಮುಖ ನೋಡಬೇಕಿತ್ತು! “ನಂಬರ್ ಕೊಟ್ಟಾರೆ ಕಣೋ!” ಎಂದು ಅದನ್ನು ಕ್ಯಾಲೆಂಡರಿನ ಮೇಲೆ, ಹಾಲಿನ ಲೆಕ್ಕದ ಪಕ್ಕ, ದಪ್ಪಗೆ ಬರೆದಿಟ್ಟರು.

ಉತ್ತರ ಮೂರೇ ದಿನಕ್ಕೆ ಬಂತು. ನನ್ನ ದೂರು ಮುಚ್ಚಿದ ಅದೇ ಪುಣ್ಯಾತ್ಮ! ‘ಇಷ್ಟು ಸ್ಪಷ್ಟವಾದ ದೂರು ಬಹಳ ದಿನದಿಂದ ನೋಡಿರಲಿಲ್ಲ. ತಪ್ಪು ಎಲ್ಲಿದೆ ಎಂದು ಗೊತ್ತಾಯಿತು. ಆದರೆ ನನಗೆ ಕನ್ನಡ ಬಾರದು. ಈ ಪದಗಳು ಹೇಗೆ ಕೇಳಿಸಬೇಕು ಎಂದು ಯಾರಾದರೂ ಹೇಳಿ, ಧ್ವನಿ ಮುದ್ರಿಸಿ ಕಳಿಸಬಹುದೇ?’

ಅತ್ತೆ ಸೆರಗು ಸರಿಮಾಡಿಕೊಂಡು ಫೋನ್ ಮುಂದೆ ಕೂತರು. ಮುದ್ರಣ ಶುರುವಾಯಿತು. “ನಮಸ್ಕಾರ, ದೂರು ವಿಭಾಗ, ಹೇಳ್ರಿ” ಅಂದುಬಿಟ್ಟರು! ಮೂವತ್ತು ವರ್ಷದ ರೂಢಿ. ಎರಡನೇ ಸಲಕ್ಕೆ ಕುಕ್ಕರ್ ಕೂಗಿತು. ಮೂರನೇ ಸಲಕ್ಕೆ ಒಳಗಿನಿಂದ ಮಾವ “ಏನೇ, ಯಾವ ರ‍್ಯಾಲಿ?” ಅಂದರು. ನಾಲ್ಕನೆಯದು ಸರಿಯಾಯಿತು.

ಹದಿನೈದು ದಿನಕ್ಕೆ ಹೊಸ ಅಪ್‌ಡೇಟ್ ಬಂತು. ಹಾಕಿದೆವು. ಹುಡುಗಿ ಬಾಯಿಬಿಟ್ಟಳು ನೋಡಿ! ಚುನಾವಣೆ ಮುಗಿದಿದ್ದರೂ ಗೆದ್ದವರ ವಿಜಯದ ರ‍್ಯಾಲಿ, ಸೋತವರ ಪ್ರತಿಭಟನಾ ರ‍್ಯಾಲಿ, ಎಲ್ಲವನ್ನೂ ಒದರಿದಳು. ಮಾವ ಹತ್ತು ನಿಮಿಷ ಕೇಳಿ, “ಇದಕ್ಕೆ ಇಷ್ಟು ಕಷ್ಟಪಟ್ರೇನು ನೀವು? ಮೊದಲೇ ಚೆನ್ನಾಗಿತ್ತಲ್ಲ!” ಅಂದರು.

ಅತ್ತೆ ನಕ್ಕು ಅಡುಗೆಮನೆಗೆ ಹೋದರು. ನಾನೂ ಹಿಂದೆಯೇ ಹೋದೆ. ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿದೆ: “ಅಲ್ಲ ಅತ್ತೆ, ನೀವು ಹೆಂಗೂ ಮನೆಯಾಗೇ ಇರ್ತೀರಿ. ದಿನಾ ಅರ್ಧ ಗಂಟೆ ನೀವೇ ಓದಿದ್ರೆ ಆಗ್ತಿತ್ತಲ್ಲ. ಯಾಕ ಇಷ್ಟೆಲ್ಲ?”

ಅತ್ತೆ ಸೊಪ್ಪು ಬಿಡಿಸುತ್ತಾ ಕೂತರು.

“ಮೊದ್ಲು ನಾನೇ ಓದ್ತಿದ್ದೆ. ‘ಏನೇ, ಪುರುಸೊತ್ತು ಐತೇನು?’ ಅಂತ ಕೇಳೋರು. ಒಂದಿನ ಏನೋ ಕೆಲಸದಾಗಿದ್ದೆ, ತಡೀರಿ ಬಂದೆ ಅಂದೆ. ಮರೆತುಬಿಟ್ಟೆ. ಮಧ್ಯಾಹ್ನ ಬಂದು ನೋಡ್ತೀನಿ, ಪೇಪರ್ ತೊಡೆ ಮೇಲೆ ಇಟ್ಕೊಂಡು ಹಂಗೇ ಕುಂತಾರೆ. ಇನ್ನೊಂದು ಸಲ ಕರೆದಿಲ್ಲ.” ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟರು. “ಅಷ್ಟು ದೊಡ್ಡ ಬಸ್ಸು ಓಡಿಸಿದ ಮನುಷ್ಯ ಕಣೋ. ಯಾರನ್ನೂ ಏನೂ ಕೇಳಿದೋರಲ್ಲ. ಓದೇ ಅಂತ ನನ್ನ ಕೇಳೋಕೂ ಹಿಂಜರಿಯೋದನ್ನ ನನ್ನ ಕೈಲಿ ನೋಡಕಾಗ್ಲಿಲ್ಲ.”

ನಾನು ಆ ಸೊಪ್ಪನ್ನು ಎತ್ತಿಕೊಂಡು ಬಿಡಿಸತೊಡಗಿದೆ. ಆಗ ಹೊರಗಿನ ಕೋಣೆಯಲ್ಲಿ ಹುಡುಗಿ ಓದುತ್ತಿದ್ದ ಏನನ್ನೋ ಕೇಳಿ ಮಾವ ಇದ್ದಕ್ಕಿದ್ದಂತೆ ಗಟ್ಟಿಯಾಗಿ ನಕ್ಕರು. ಒಬ್ಬರೇ. ಹೊಟ್ಟೆ ತುಂಬ.

“ಏನ್ರೀ ಅದು?” ಅತ್ತೆ ಕೂಗಿ ಕೇಳಿದರು.

“ಏನಿಲ್ಲ ಬಿಡೇ. ನಿನಗೆ ಗೊತ್ತಾಗಲ್ಲ” ಅಂದರು ಮಾವ. ಮತ್ತೆ ನಗು.

ಅತ್ತೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿದ್ದವು, ಬಾಯಿ ಮಾತ್ರ ನಗುತ್ತಿತ್ತು. “ಕೇಳಿದ್ಯಾ? ನಾನು ಓದಿ ಹೇಳ್ತಿದ್ದಾಗ ಅವರಿಗೆ ಗೊತ್ತಾಗೋದೆಲ್ಲ ನನಗೆ ಮೊದ್ಲೇ ಗೊತ್ತಿರ್ತಿತ್ತು. ಈಗ ನೋಡು, ನನಗೇ ಹೇಳಲ್ವಂತೆ!”