ದೊಡ್ಡಮ್ಮ ಜಿಪಿಎಸ್ ಕೊಂಡ ಬಗೆ

ನಮ್ಮ ದೊಡ್ಡಮ್ಮನಿಗೆ ಬುದ್ಧಿ ಕಮ್ಮಿ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಬುದ್ಧಿ ಬೇಕಾದಷ್ಟಿತ್ತು, ಯಾವ ವಸ್ತುವನ್ನು ಎಲ್ಲಿ ಇಡಬೇಕು ಎಂಬುದೊಂದೇ ಗೊತ್ತಿರಲಿಲ್ಲ. ಉಳಿದವರು ಅಡುಗೆಮನೆಯ ಮೂಲೆಯಲ್ಲಿ ಇಡುವ ಡಬ್ಬಿಯನ್ನು ಆಕೆ ಗುಡ್ಡದ ಮೇಲೆ ಇಟ್ಟು ಬಂದಳು. ಬಂದು ಸುಮ್ಮನಾದಳೇ? ಎಲ್ಲಿಟ್ಟಿದ್ದೇನೆ ಎಂದು ಪ್ರಪಂಚಕ್ಕೆಲ್ಲ ಸಾರಿ, ಯಾರಾದರೂ ಹುಡುಕಿಕೊಂಡು ಬರಲಿ ಎಂದು ಕಾದು ಕೂತಳು. ಇಂಥವರನ್ನು ಏನೆಂದು ಕರೆಯಬೇಕು?

ದೊಡ್ಡಮ್ಮ ಎಂದರೆ ನನ್ನ ಅವ್ವನ ಅಕ್ಕ. ಮೊಳಕಾಲ್ಮೂರಿನಲ್ಲಿ ದೊಡ್ಡಪ್ಪನದು ರೇಷ್ಮೆ ಸೀರೆ ಅಂಗಡಿ. ಅವರು ಬೆಳಗ್ಗೆ ಗಾದಿಯ ಮೇಲೆ ಕೂತರೆ ಮಧ್ಯಾಹ್ನ ಊಟಕ್ಕೇ ಏಳುವುದು. ಮನೆ ಅಂಗಡಿಯ ಹಿಂದೆಯೇ ಇದ್ದುದರಿಂದ ಅದನ್ನು ಏಳುವುದು ಎನ್ನುವುದೂ ಕಷ್ಟ. ಕೇಳಿದರೆ ಮಂಡಿನೋವು ಎನ್ನುತ್ತಿದ್ದರು. ನೋಯುವಷ್ಟು ಕೆಲಸವನ್ನು ಆ ಮಂಡಿಗಳಿಗೆ ಅವರು ಯಾವತ್ತು ಕೊಟ್ಟಿದ್ದರೋ ನಾನಂತೂ ಕಾಣೆ. ದೊಡ್ಡಮ್ಮ ಮಾತ್ರ ಕೂತಲ್ಲಿ ಕೂರುವವಳಲ್ಲ, ಒಂದು ಮಾತಿಗೆ ಹತ್ತು ಮಾತು ಆಡದೆ ಬಿಡುವವಳೂ ಅಲ್ಲ. ನಾನಾಗ ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಇಂಗ್ಲಿಷ್ ಓದಲು ಬರುತ್ತದೆ ಎಂಬ ಒಂದೇ ತಪ್ಪಿಗೆ ಈ ವ್ಯವಹಾರದಲ್ಲಿ ಸಿಕ್ಕಿಹಾಕಿಕೊಂಡೆ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಹತ್ತಿರದ ಬ್ರಹ್ಮಗಿರಿಯ ಶಾಸನ ನೋಡಲು ಬಂದಿದ್ದ ಬಿಳಿ ಹೆಂಗಸೊಬ್ಬಳು ಸೀರೆ ಕೊಳ್ಳಲು ಅಂಗಡಿಗೆ ಬಂದಳು. ಅವತ್ತು ನಾನು ಅಲ್ಲೇ ಇದ್ದುದರಿಂದ ಮಾತು ದಾಟಿಸುವ ಕೆಲಸ ನನ್ನ ಪಾಲಿಗೆ ಬಂತು. ಆಕೆಯ ಕೊರಳಲ್ಲಿ ಅಂಗೈಯಗಲದ ಹಳದಿ ಯಂತ್ರವೊಂದು ನೇತಾಡುತ್ತಿತ್ತು. ಸೀರೆಯ ಮಾತು ಹಿಂದೆ ಬಿತ್ತು. "ಅದೇನಂತೆ ಕೇಳು" ಎಂದಳು ದೊಡ್ಡಮ್ಮ.

ಅದು ಜಿಪಿಎಸ್. ಆಕಾಶದಲ್ಲಿರುವ ಉಪಗ್ರಹಗಳ ಸಹಾಯದಿಂದ ನಾವು ಭೂಮಿಯ ಮೇಲೆ ಎಲ್ಲಿದ್ದೇವೆ ಎಂದು ಅಂಕಿಗಳಲ್ಲಿ ಹೇಳುತ್ತದೆ. ಅದನ್ನು ಹಿಡಿದುಕೊಂಡು ಜಿಯೋಕ್ಯಾಶಿಂಗ್ ಎಂಬ ಆಟ ಆಡುತ್ತಾರಂತೆ. ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು ಆ ಜಾಗದ ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕುತ್ತಾರೆ, ಇನ್ಯಾರೋ ಅಂಕಿ ಹಿಡಿದು ಬಂದು ಹುಡುಕುತ್ತಾರೆ.

"ಸಿಕ್ಕಿದ್ಮೇಲೆ?" ಎಂದು ದೊಡ್ಡಮ್ಮ ಕೇಳಿದಳು.

"ಒಳಗಿರೋ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿ ಅಲ್ಲೇ ಇಟ್ಟು ವಾಪಸ್ ಹೋಗೋದಂತೆ" ಎಂದೆ.

ದೊಡ್ಡಪ್ಪ ಗಾದಿಯ ಮೇಲಿಂದಲೇ ಹೇಳಿದರು: "ಹೆಸರು ಬರಿಯಾಕೆ ಅಷ್ಟು ದೂರ ಹೋಗಬೇಕಾ? ನಮ್ಮ ಹುಡುಗ್ರು ಬಂಡೆ ಮೇಲೆ ಇದ್ಲಿನಾಗೆ ಬರಿತಾರೆ, ಯಾವ ಮಿಷನ್ನೂ ಇಲ್ದೆ."

ಬಿಳಿ ಹೆಂಗಸು ನಕ್ಕು ಇನ್ನೊಂದು ಮಾತು ಸೇರಿಸಿದಳು. ಈ ಸುತ್ತಿನಲ್ಲಿ ಒಂದು ಡಬ್ಬಿಯೂ ಇಲ್ಲವಂತೆ, ಅವಳು ನೋಡಿಕೊಂಡೇ ಬಂದಿದ್ದಾಳಂತೆ. ಇದನ್ನು ನಾನು ದಾಟಿಸಬಾರದಿತ್ತು. ದೊಡ್ಡಮ್ಮನ ಮುಖ ಬಿಗಿಯಿತು.

"ಸೀರೆ ತಗಳಾಕೆ ಬರ್ತಾರೆ, ಶಾಸನ ನೋಡಾಕೆ ಬರ್ತಾರೆ. ಹುಡುಕಂಥಾದ್ದು ನಮ್ಮೂರಾಗೆ ಏನೂ ಇಲ್ವಾ? ನಾನಿಡ್ತೀನಿ. ನಾನಿಟ್ಟಿದ್ದು ಹುಡುಕ್ಕಂಡು ಒಬ್ರಾದ್ರೂ ಈ ಊರಿಗೆ ಬರ್ಬೇಕು."

ಅಂದಿನಿಂದ ಆಕೆಗೆ ಬೇರೆ ಯೋಚನೆಯೇ ಇಲ್ಲವಾಯಿತು. ಮುಂದಿನ ವಾರವೇ ಬಸ್ಸು ಹತ್ತಿ ಚಳ್ಳಕೆರೆಗೆ ಬಂದಳು. ಬಸ್ ಸ್ಟ್ಯಾಂಡ್ ಹತ್ತಿರದ ಸೈಬರ್ ಸೆಂಟರಿನಲ್ಲಿ, ಸಿನಿಮಾ ನಟಿಯರ ಚಿತ್ರ ನೋಡುತ್ತಿದ್ದ ಕಾಲೇಜು ಹುಡುಗರ ಮಧ್ಯೆ ಕುರ್ಚಿ ಹಾಕಿಸಿಕೊಂಡು ಕೂತಳು. ಹುಡುಗರು ಒಬ್ಬೊಬ್ಬರೇ ಎದ್ದು ಹೋದರು. ನಾನು ಒಂದೊಂದೇ ಯಂತ್ರದ ಗುಣಾವಗುಣ ಓದಿ ಹೇಳಿದೆ. ದೊಡ್ಡಮ್ಮನಿಗೆ ಡಾಲರೂ ತಿಳಿಯದು, ರೂಪಾಯಿಯ ಮೇಲೆ ಅಷ್ಟಾಗಿ ನಂಬಿಕೆಯೂ ಇಲ್ಲ. ಅವಳ ಅಳತೆಯೆಲ್ಲ ಸೀರೆಯದು. ಬಣ್ಣದ ಪರದೆ, ಒಳಗೆ ನಕ್ಷೆ ಇರುವುದು ಮದುಮಗಳ ಸೀರೆ. ಕಪ್ಪುಬಿಳುಪು ಪರದೆಯದು ಸಣ್ಣ ಅಂಚಿನ ಸೀರೆ. ಅದಕ್ಕಿಂತ ಮೇಲೆ ಹೋಗಬಾರದೆಂದು ಅವಳೇ ಗೆರೆ ಹಾಕಿಕೊಂಡಿದ್ದಳು.

"ನಕ್ಷೆ ಬ್ಯಾಡ. ದಾರಿ ಕೇಳಾಕೆ ಬಾಯಿಲ್ವಾ?"

"ಇದು ನೀರು ಬಿದ್ರೂ ಕೆಡಲ್ಲವಂತೆ ದೊಡ್ಡಮ್ಮ."

"ಮೊಳಕಾಲ್ಮೂರಾಗೆ ನೀರೆಲ್ಲಿ ಬೀಳ್ತೈತಪ್ಪ? ಅದನ್ನ ತೆಗೆದು ಅಷ್ಟು ಕಡಿಮೆ ಮಾಡ್ತಾರಾ ಕೇಳು."

ಅಗ್ಗದ ಯಂತ್ರಗಳಲ್ಲಿ ಒಂದು ಕೊರತೆ ಇತ್ತು. ಅವುಗಳೊಳಗೆ ದಿಕ್ಸೂಚಿ ಇಲ್ಲ. ನಡೆಯುತ್ತಿದ್ದರೆ ಮಾತ್ರ ದಿಕ್ಕು ತೋರಿಸುತ್ತವೆ, ನಿಂತರೆ ಬಾಣ ಎತ್ತೆತ್ತಲೋ ತಿರುಗುತ್ತದೆ. ಇದನ್ನು ತುಂಬ ಜಾಗ್ರತೆಯಿಂದ ವಿವರಿಸಿದೆ. ದೊಡ್ಡಮ್ಮ ಕ್ಷಣ ಯೋಚಿಸಿ, "ನಡಿಯೋರಿಗೆ ತಾನೆ ದಿಕ್ಕು ಬೇಕಾಗಾದು? ನಿಮ್ಮ ದೊಡ್ಡಪ್ಪಂಗೆ ತಗಳಾದಾಗಿದ್ರೆ ಆ ದುಬಾರಿದೇ ಬೇಕಾಗಿತ್ತು" ಎಂದಳು. ಗಡಿಯಾರಕ್ಕೆ ಹಾಕುವ ಪೆನ್ಸಿಲ್ ಸೆಲ್ಲೇ ಇದಕ್ಕೂ ಆಗುತ್ತದೆ ಎಂದು ಗೊತ್ತಾದ ಮೇಲಂತೂ ಅವಳಿಗೆ ನೆಮ್ಮದಿ. ಮುಂದೆ ಅಂಗಡಿಯ ಗಡಿಯಾರ ಆಗಾಗ ನಿಂತುಹೋಗುತ್ತಿದ್ದುದರ ಕಾರಣ ದೊಡ್ಡಪ್ಪನಿಗೆ ಬಹಳ ಕಾಲ ಹೊಳೆಯಲಿಲ್ಲ.

ಯಂತ್ರ ಸಿಗುವುದೆಲ್ಲಿ? ಬಳ್ಳಾರಿಯಲ್ಲಿ. ಆಗ ಅಲ್ಲಿ ಗಣಿಯ ಭರಾಟೆ, ಭೂಮಿ ಅಳೆಯುವ ಸಾಮಾನು ಮಾರುವ ಅಂಗಡಿಗಳಿಗೆ ಸುಗ್ಗಿ. ರಾಂಪುರದ ಮೇಲೆ ಹಾದು, ಮೈತುಂಬ ಕೆಂಪು ಧೂಳು ಹೊತ್ತುಕೊಂಡು ಅಂಥದೊಂದು ಅಂಗಡಿಗೆ ಹೋದೆವು. ರೇಷ್ಮೆ ಸೀರೆಯುಟ್ಟ ಹೆಂಗಸು ಜಿಪಿಎಸ್ ಕೇಳಿದ್ದು ನೋಡಿ ಅಂಗಡಿಯವನು ಎದ್ದು ನಿಂತು ಕೈ ಮುಗಿದ.

"ಮೀದಿ ಏ ಮೈನ್ಸಮ್ಮಾ?" ಎಂದು ತೆಲುಗಿನಲ್ಲಿ ಕೇಳಿದ. ನಿಮ್ಮದು ಯಾವ ಗಣಿ ಎಂದು.

"ಗುಡ್ಡ ಅಗಿಯಾಕಲ್ಲಪ್ಪ, ಗುಡ್ಡದ ಮ್ಯಾಲೆ ಡಬ್ಬಿ ಇಡಾಕೆ" ಎಂದಳು ದೊಡ್ಡಮ್ಮ. ಅವನು ಕೂತ.

ಆಮೇಲೆ ನಡೆದದ್ದು ವ್ಯಾಪಾರವಲ್ಲ, ಸೀರೆ ವ್ಯಾಪಾರ. ಇರುವುದೆಲ್ಲವನ್ನೂ ತೆಗೆಸಿ ಸಾಲಾಗಿ ಇಡಿಸಿದಳು. ಅಂಗೈಯಲ್ಲಿ ತೂಗಿದಳು. ಜರಿ ನೋಡುವಂತೆ ಅಂಚನ್ನು ಉಗುರಿನಿಂದ ಕೆರೆದಳು. ಇದೇ ತರದ್ದು ಬೇರೆ ಬಣ್ಣದಲ್ಲಿ ಇದೆಯೇ ಎಂದಳು. ಕೊನೆಗೆ ಮೂರನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಂಡು, "ಬಿಸಿಲಿಗೆ ಹಿಡಿದು ನೋಡ್ಬೇಕು" ಎಂದು ಎದ್ದೇಬಿಟ್ಟಳು.

ರೇಷ್ಮೆ ಸೀರೆ ಕೊಳ್ಳುವವರು ಟ್ಯೂಬ್‌ಲೈಟಿನ ಬೆಳಕನ್ನು ನಂಬುವುದಿಲ್ಲ. ಬೀದಿಗೆ ಒಯ್ದು ಬಿಸಿಲಲ್ಲಿ ಹಿಡಿದರೇನೇ ಬಣ್ಣ ನಿಜ ಹೇಳುವುದು. ದೊಡ್ಡಮ್ಮ ಹುಟ್ಟಿ ಬೆಳೆದದ್ದು ಸೀರೆಯವರ ಮನೆಯಲ್ಲಿ, ಕೊಟ್ಟದ್ದೂ ಸೀರೆಯವರ ಮನೆಗೇ. ಬದನೆಕಾಯಿಯನ್ನೂ ಬಿಸಿಲಿಗೆ ಹಿಡಿದೇ ಕೊಳ್ಳುವವಳು. ಅಂಗಡಿಯವನಿಗೆ ಇದೆಲ್ಲ ಏನು ಗೊತ್ತು? "ಅಮ್ಮಾ, ಹೊರಗೆ ಒಯ್ಯಬೇಡ್ರಿ" ಎಂದು ಹಿಂದೆಯೇ ಓಡಿ ಬಂದ. ಒಳಗಿದ್ದಷ್ಟು ಹೊತ್ತು ಸುಮ್ಮನೆ ಮಿಟುಕುತ್ತಿದ್ದ ಯಂತ್ರಗಳು ರಸ್ತೆಗೆ ಬಂದು ಆಕಾಶ ಕಂಡದ್ದೇ ತಡ, ಉಪಗ್ರಹಗಳನ್ನು ಹಿಡಿಯತೊಡಗಿದವು. ಸೂರಿನ ಕೆಳಗೆ ಇವು ಕೆಲಸ ಮಾಡುವುದಿಲ್ಲ ಎಂಬುದು ನನಗೂ ಆಗಲೇ ತಿಳಿದದ್ದು. ಎಲ್ಲಕ್ಕಿಂತ ಅಗ್ಗದ ಹಳದಿ ಯಂತ್ರ ಎಲ್ಲಕ್ಕಿಂತ ಮೊದಲು ಅಂಕಿ ತೋರಿಸಿತು. ಬಣ್ಣದ ಪರದೆಯದು ಇನ್ನೂ ಹುಡುಕುತ್ತಲೇ ಇತ್ತು.

"ಇದು ಹೊಳಪು ಅಷ್ಟೇ, ಒಗೆದ್ರೆ ಬಣ್ಣ ಬಿಡೋ ಜಾತಿ" ಎಂದು ಅದನ್ನು ವಾಪಸ್ ಕೊಟ್ಟಳು.

ಚೌಕಾಸಿಯೆಲ್ಲ ಮುಗಿದು ದುಡ್ಡು ಕೊಡುವ ಹೊತ್ತಿಗೆ ಇನ್ನೊಂದು ಪ್ರಶ್ನೆ ಬಂತು. "ಇದಕ್ಕೆ ಬ್ಲೌಸ್ ಪೀಸ್ ಅಂತ ಏನು ಕೊಡ್ತೀಯಪ್ಪ?" ಅವನು ಕೊರಳಿಗೆ ಹಾಕುವ ದಾರವೊಂದನ್ನೂ ಎರಡು ಸೆಲ್ಲುಗಳನ್ನೂ ಕೊಟ್ಟ. ನಾವು ಹೊರಟಾಗ ಮತ್ತೊಮ್ಮೆ ಕೈ ಮುಗಿದ, ಈ ಸಲ ಬೇರೆ ಕಾರಣಕ್ಕೆ.

ಉಪ್ಪಿನಕಾಯಿ ಖಾಲಿಯಾದ ಪ್ಲಾಸ್ಟಿಕ್ ಡಬ್ಬಿಯೊಂದಕ್ಕೆ ಚೀಟಿ, ಪೆನ್ಸಿಲ್, ಸಣ್ಣ ಕನ್ನಡಿ, ನಾಲ್ಕಾರು ಸೀರೆ ಅಂಚಿನ ತುಂಡು ಹಾಕಿ, ಊರ ಹಿಂದಿನ ಗುಡ್ಡಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ನಮ್ಮ ಕಡೆ ಗುಡ್ಡದಲ್ಲಿ ಯಾರಾದರೂ ಬಗ್ಗಿ ನೆಲ ನೋಡಿದರೆ ಜನಕ್ಕೆ ಬರುವ ಯೋಚನೆ ಒಂದೇ. ಸೌದೆ ಆರಿಸುತ್ತಿದ್ದ ಇಬ್ಬರು ಹತ್ತಿರ ಬಂದರು.

"ನಿಧಿ ತೆಗಿಯಾಕೆ ಬಂದೀರೇನಮ್ಮ?"

"ತೆಗಿಯಾಕಲ್ಲ ಕಣ್ರಪ್ಪ, ಇಡಾಕೆ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಗುಡ್ಡಕ್ಕೆ ಏನನ್ನೋ ಇಡಲು ಬಂದವರನ್ನು ಅವರು ಕಂಡಿದ್ದಿಲ್ಲ. ಮಾರನೆಯ ಬೆಳಗ್ಗೆ ಅವರಲ್ಲೊಬ್ಬ ಅಂಗಡಿಗೆ ಬಂದು, ಸೋತ ಮುಖದಲ್ಲಿ ಡಬ್ಬಿಯನ್ನು ಗಾದಿಯ ಮೇಲಿಟ್ಟ. "ಅಮ್ಮಾರು ಗುಡ್ಡದಾಗೆ ಮರ್ತು ಬಂದಿದ್ರು. ಏನೂ ಇಲ್ಲ ಬಿಡ್ರಿ ಇದ್ರಾಗೆ."

ದೊಡ್ಡಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಬ್ರಾದ್ರೂ ಬಂದು ಹುಡುಕ್ಬೇಕು ಅಂತಿದ್ದೆ. ಹುಡುಕಿ ಮನೆಗೇ ತಂದು ಕೊಟ್ರಲ್ಲ, ಇನ್ನೇನು?"

"ಅದು ಲೆಕ್ಕಕ್ಕಿಲ್ಲ. ಅಂಕಿ ನೋಡ್ಕಂಡು ಬರ್ಬೇಕು" ಎಂದು ದೊಡ್ಡಮ್ಮ ಡಬ್ಬಿ ಎತ್ತಿಕೊಂಡು ಮತ್ತೆ ಗುಡ್ಡ ಹತ್ತಿದಳು. ಈ ಸಲ ಎರಡು ಗುಂಡುಕಲ್ಲುಗಳ ಸಂದಿನಲ್ಲಿಟ್ಟು ಚಪ್ಪಡಿಕಲ್ಲು ಮುಚ್ಚಿದಳು, ಅಲ್ಲಿಯ ಅಂಕಿಗಳನ್ನು ನಾನು ಯಂತ್ರದೊಳಗೆ ಉಳಿಸಿಟ್ಟೆ. ಮುಟ್ಟಬಾರದೆಂದು ಆ ಇಬ್ಬರಿಗೂ ಹೇಳಿದ್ದಾಯಿತು.

ಅಂಕಿಗಳನ್ನು ಇಂಟರ್ನೆಟ್ಟಿಗೆ ಹಾಕಿದಾಗ ಇನ್ನೊಂದು ತಕರಾರು. ಡಬ್ಬಿ ಸಿಕ್ಕವರು ಗುಡ್ಡದ ಕೆಳಗಿನ ಸೀರೆ ಅಂಗಡಿಗೆ ಬರಬೇಕು, ಊಟ ಮಾಡದೆ ಹೋಗಬಾರದು ಎಂದು ದೊಡ್ಡಮ್ಮ ಬರೆಸಿದ್ದಳು. ಎಲ್ಲೋ ದೂರದೇಶದಲ್ಲಿ ಕೂತು ಇವನ್ನೆಲ್ಲ ಪರಿಶೀಲಿಸುವವನು ಒಪ್ಪಲಿಲ್ಲ. ಆಟದಲ್ಲಿ ಅಂಗಡಿ, ಹೋಟೆಲುಗಳ ಪ್ರಚಾರ ಮಾಡುವಂತಿಲ್ಲ ಎಂದು ತುಂಬ ಮರ್ಯಾದೆಯಿಂದ ಬರೆದ. "ಊಟಕ್ಕೆ ಕರೆದ್ರೆ ಪ್ರಚಾರ ಅಂತಾನಾ? ಅವ್ರ ಮನೆಯಾಗೆ ಏನು ಕಲಿಸ್ಯಾರೆ?" ಎಂದು ದೊಡ್ಡಮ್ಮ ಬಹಳ ಹೊತ್ತು ಗೊಣಗಿದಳು. ಆ ಸಾಲು ತೆಗೆಸಲು ನನಗೆ ಎರಡು ವಾರ ಹಿಡಿಯಿತು.

ಆಮೇಲೆ ಕಾಯುವ ಕೆಲಸ. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು, ನನಗೆ ರೊಟ್ಟಿಯ ಗಂಟು ಕೊಟ್ಟು, ಸೈಬರ್ ಸೆಂಟರಿನಲ್ಲಿ ಕೂರುತ್ತಿದ್ದಳು. "ಯಾರಾದ್ರೂ ಬಂದಿದ್ರಾ ನೋಡು." ಯಾರೂ ಬಂದಿರಲಿಲ್ಲ. ಈ ಬಿಸಿಲಿಗೆ ಯಾರು ಗುಡ್ಡ ಹತ್ತುತ್ತಾರೆ, ಶ್ರಾವಣ ಬರಲಿ ಎನ್ನುವಳು. ಶ್ರಾವಣ ಬಂದಾಗ ಎಲ್ಲರಿಗೂ ಹಬ್ಬವಿರುತ್ತದೆ ಎನ್ನುವಳು. ದೀಪಾವಳಿ ಕಳೆದ ಮೇಲೆ ಚಳಿಯ ನೆಪ. ನಾನು ಒಳಗೊಳಗೇ ನಗುತ್ತಿದ್ದೆ. ಸಂಕ್ರಾಂತಿ ಕಳೆದ ಒಂದು ವಾರ ಮಾತ್ರ ಯಾವ ನೆಪವನ್ನೂ ಹೇಳದೆ, ಖಾಲಿ ಪುಟವನ್ನು ಸ್ವಲ್ಪ ಹೊತ್ತು ನೋಡಿ ಎದ್ದು ಹೋದಳು. ಬಸ್ಸಿನ ಕಿಟಕಿಯಿಂದ ಕೈ ಕೂಡ ಆಡಿಸಲಿಲ್ಲ.

ಅದಾದ ಎರಡು ದಿನಕ್ಕೆ ಮಿಲ್ಲಿಗೆ ದೊಡ್ಡಮ್ಮನ ಫೋನು ಬಂತು.

"ಮಿಷನ್ ಕಳುವಾಗೈತೆ ಕಣೋ. ಬೀರುವಿನಾಗೆ ಇಟ್ಟಿದ್ದೆ, ಇಲ್ಲ. ಇವರು ಬೇರೆ ಜರಿ ತರ್ತೀನಿ ಅಂತ ಬೆಳಿಗ್ಗೇನೇ ಹೋಗ್ಯಾರೆ. ಬೇಗ ಬಾರಪ್ಪ."

ಹೋದೆ. ದೊಡ್ಡಮ್ಮ ತಲೆಬಾಗಿಲಲ್ಲೇ ನಿಂತಿದ್ದಳು. ಯಾರೋ ನಿಧಿ ಹುಡುಕುವವರು ಯಂತ್ರ ಒಯ್ದಿದ್ದಾರೆ, ಇನ್ನು ಡಬ್ಬಿಯನ್ನೂ ಒಯ್ಯುತ್ತಾರೆ ಎಂಬುದು ಅವಳ ತೀರ್ಮಾನ. ಡಬ್ಬಿಯನ್ನು ಉಳಿಸಬೇಕೆಂದು ನಡು ಮಧ್ಯಾಹ್ನ ಇಬ್ಬರೂ ಗುಡ್ಡ ಹತ್ತಿದೆವು. ಮೇಲೆ ಬಂಡೆಗಳ ನಡುವೆ ಯಾರೋ ಕಲ್ಲು ಎತ್ತಿ ಹಾಕುವ ಸದ್ದು. ದೊಡ್ಡಮ್ಮ ನನ್ನ ತೋಳು ಬಿಗಿಯಾಗಿ ಹಿಡಿದಳು.

ಕಳ್ಳ ಎದ್ದು ನಿಂತ. ಪಂಚೆ ಎತ್ತಿ ಕಟ್ಟಿದೆ, ಬನಿಯನ್ ಬೆವರಿನಲ್ಲಿ ಒದ್ದೆಯಾಗಿದೆ, ಒಂದು ಕೈ ಮಂಡಿಯ ಮೇಲೆ, ಇನ್ನೊಂದರಲ್ಲಿ ಹಳದಿ ಯಂತ್ರ. ದೊಡ್ಡಪ್ಪ.

"ನೀನ್ಯಾಕೆ ಬಂದೆ? ಇಟ್ಟೋರು ಬರಂಗಿಲ್ಲ, ಹೋಗು" ಎಂದರು.

"ಜರಿ ತರಾಕೆ ಹೋಗ್ತೀನಿ ಅಂದಿದ್ರಿ?"

"ಅಂದಿದ್ದೆ." ಸುಧಾರಿಸಿಕೊಳ್ಳುತ್ತ ನಿಂತರು. ನಮ್ಮ ಕಡೆ ನೋಡದೆ ಹೇಳಿದರು: "ವಾರ ವಾರ ಬಸ್ಸಿಂದ ಇಳಿದು ಬರ್ತೀಯಲ್ಲ, ಯಾರೂ ಬರ್ಲಿಲ್ಲ ಅಂತ. ಆ ಮುಖ ನೋಡಾಕಾಗಲ್ಲ ನಂಗೆ."

ದೊಡ್ಡಪ್ಪ ಮತ್ತೆ ಬಗ್ಗಿ ಹುಡುಕತೊಡಗಿದರು. ಡಬ್ಬಿಯ ಚಪ್ಪಡಿ ಅವರ ಬಲಗಾಲಿನ ಪಕ್ಕದಲ್ಲೇ ಇತ್ತು. ಅವರು ಎಡಕ್ಕೆ ಹುಡುಕುತ್ತಿದ್ದರು. ಮಂಡಿ ಊರಿ ಒಂದೊಂದೇ ಕಲ್ಲು ಎತ್ತುವಾಗ ಅವರಿಗೆ ನಿಜವಾಗಿಯೂ ನೋವಾಗುತ್ತಿತ್ತು. ಇಷ್ಟು ವರ್ಷ ಅದನ್ನು ನಾನು ನಂಬಿರಲಿಲ್ಲ. ಅಲ್ಲೇ ಇದೆ ಎಂದು ಹೇಳಲು ಬಾಯಿ ತೆರೆದೆ. ದೊಡ್ಡಮ್ಮ ನನ್ನ ತೋಳು ಚಿವುಟಿದಳು.

ಆಮೇಲೆ ಅವಳು ಒಂದು ಬಂಡೆಯ ಮೇಲೆ, ಅವರಿಗೆ ಬೆನ್ನು ಮಾಡಿ ಕೂತಳು. ಕಣ್ಣು ಎಲ್ಲಿ ಗುಟ್ಟು ಬಿಟ್ಟುಕೊಡುತ್ತದೋ ಎಂದು ಊರ ಕಡೆಗೇ ನೋಡುತ್ತ ಕೂತಳು. ಅಷ್ಟು ಹೊತ್ತು ದೊಡ್ಡಮ್ಮ ಮಾತಾಡದೆ ಇದ್ದುದನ್ನು ನಾನು ಅದೇ ಮೊದಲು ಕಂಡದ್ದು. ಹಿಂದೆ ಕಲ್ಲುಗಳು ಉರುಳುತ್ತಿದ್ದವು, ದೊಡ್ಡಪ್ಪ ಏದುಸಿರು ಬಿಡುತ್ತಿದ್ದರು. ಬಹಳ ಹೊತ್ತಿನ ಮೇಲೆ ಚಪ್ಪಡಿ ಸರಿದ ಸದ್ದಾಯಿತು, ಹಿಂದೆಯೇ ಪ್ಲಾಸ್ಟಿಕ್ ಮುಚ್ಚಳ ತೆರೆದ ಸದ್ದು.

ದೊಡ್ಡಮ್ಮ ತಿರುಗಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ನನಗೊಬ್ಬನಿಗೇ ಕೇಳುವಂತೆ, "ಒಬ್ರು ಬಂದ್ರು ಕಣಪ್ಪ" ಎಂದಳು.