ಮಳವಳ್ಳಿಯಲ್ಲಿ ರೈಲು ಹತ್ತಿದ ಮರಿಸಿದ್ದಯ್ಯ

ಮಳವಳ್ಳಿಗೆ ರೈಲು ಇಲ್ಲ. ಇದು ಕೇವಲ ಭೂಗೋಳಕ್ಕೆ ಸಂಬಂಧಪಟ್ಟ ವಿಷಯವಾದ್ದರಿಂದ, ಎಪ್ಪತ್ತನಾಲ್ಕನೇ ಇಸವಿಯಲ್ಲಿ ಮಳವಳ್ಳಿ ರೈಲು ನಿಲ್ದಾಣವನ್ನು ಅಂಗವಿಕಲರಿಗೆ ಅನುಕೂಲವಾಗುವಂತೆ ಮಾಡಲು ಸರ್ಕಾರದ ಹಣ ಬಂದಾಗ ಯಾರೂ ಅದನ್ನೊಂದು ಅಡ್ಡಿಯೆಂದು ಎಣಿಸಲಿಲ್ಲ.

ಇದಕ್ಕೆಲ್ಲ ಮೂಲ ಹೊಸಕಟ್ಟೆಯ ಮರಿಸಿದ್ದಯ್ಯ. ಹೊಸಕಟ್ಟೆ ಅಂದರೆ ಮದ್ದೂರು ತಾಲ್ಲೂಕಿನಲ್ಲಿ ರೈಲು ಮನಸ್ಸು ಬಂದರೆ ನಿಲ್ಲುವ ಒಂದು ಹಾಲ್ಟು. ಬಾವಿ ತೋಡುವಾಗ ಬಂಡೆ ಉರುಳಿ ಅವನ ಎರಡು ಕಾಲೂ ಮಂಡಿಯವರೆಗೆ ಹೋಗಿದ್ದವು. ಆದರೆ ತೋಳು? ಅಂಥ ತೋಳು ಮೂರು ತಾಲ್ಲೂಕು ಹುಡುಕಿದರೂ ಇರಲಿಲ್ಲ. ನಾಲ್ಕು ಚಕ್ರದ ಹಲಗೆಯ ಮೇಲೆ ಕೂತು ಎರಡೂ ಕೈಯಲ್ಲಿ ನೆಲ ತಳ್ಳಿದನೆಂದರೆ ಅಟ್ಟಿಸಿಕೊಂಡು ಬಂದ ನಾಯಿ ನಡುದಾರಿಯಲ್ಲಿ ಕೂತು ಸುಧಾರಿಸಿಕೊಳ್ಳುತ್ತಿತ್ತು. ವೈದ್ಯನಾಥಪುರದ ದಾರಿಯಲ್ಲಿ ಒಮ್ಮೆ ಬಸ್ಸನ್ನು ಹಿಂದಿಕ್ಕಿದ್ದಕ್ಕೆ ಕಂಡಕ್ಟರು ಕಿಟಕಿಯಿಂದ ಬಗ್ಗಿ, 'ನೀನೇ ಮುಂದೆ ಓಯ್ತಾ ಇದ್ದೀಯ, ಸ್ವಲ್ಪ ಜನಾನ ಅತ್ತಿಸ್ಕಳ್ಳಪ್ಪ' ಅಂದಿದ್ದನಂತೆ.

ಇಂಥವನಿಗೆ ಇದ್ದದ್ದು ಒಂದೇ ಆಸೆ. ಮಗಳು ಮಾಯಮ್ಮನನ್ನು ಚನ್ನಪಟ್ಟಣಕ್ಕೆ ಕೊಟ್ಟಿದ್ದ. ಅವಳಿಗೆ ಗಂಡುಮಗು ಹುಟ್ಟಿ, ಮಗ್ಗುಲಾಗಿ, ಈಗ ಅಂಬೆಗಾಲಿಡುತ್ತಿತ್ತು. ಮೊಮ್ಮಗನ ಮುಖ ನೋಡಬೇಕು, ಅದೂ ತಾನೇ ರೈಲು ಹತ್ತಿ ಹೋಗಿ ನೋಡಬೇಕು.

ಹಿಂದೊಮ್ಮೆ ಹೊರಟಿದ್ದ. ಹಾಲ್ಟಿನಲ್ಲಿ ಇಬ್ಬರು ಅವನನ್ನು ಕಂಕುಳಿಗೆ ಕೈ ಹಾಕಿ ಎತ್ತಿ, ಸಾಮಾನಿನ ಡಬ್ಬಿಯಲ್ಲಿ ಕುಂಬಳಕಾಯಿಯ ಚೀಲಗಳ ನಡುವೆ ಇಟ್ಟರು. ಚನ್ನಪಟ್ಟಣದಲ್ಲಿ ಇಳಿಸಿಕೊಳ್ಳುವವರು ಮರೆತರು. ಬೆಂಗಳೂರಿನ ಮಾರುಕಟ್ಟೆಯಲ್ಲಿ ದಲ್ಲಾಳಿಯೊಬ್ಬ ಬೆರಳಲ್ಲಿ ಅವನ ತಲೆ ತಟ್ಟಿ ನೋಡಿ, 'ಇದು ಇನ್ನೂ ಬಲಿತಿಲ್ಲ' ಎಂದು ಪಕ್ಕಕ್ಕಿಟ್ಟನಂತೆ. ಅವತ್ತೇ ಮರಿಸಿದ್ದಯ್ಯ ಶಪಥ ಮಾಡಿದ: 'ಇನ್ನು ನನ್ನ ಎತ್ತೋದಾದ್ರೆ ನಾಕು ಜನ ಬರ್ಲಿ, ತಮಟೇನೂ ತರ್ಲಿ. ಅಲ್ಲೀಗಂಟ ನಾನೇ ಅತ್ತೀನಿ, ನಾನೇ ಇಳೀತೀನಿ.'

'ಹಲಗೆ ಮ್ಯಾಲೇ ಚನ್ನಪಟ್ಟಣಕ್ಕೆ ಓಗ್ಬಾರ್ದೇನ್ಲಾ?' ಎಂದು ಊರವರು ಕೇಳಿದರು.

'ಬೀಗರ ಮನೆ ಬಾಗ್ಲಿಗೆ ಮೈಯೆಲ್ಲ ದೂಳು ಮಾಡ್ಕಂಡು ಓದ್ರೆ ಮಗಳ ಮಾನ ಏನಾಗ್ಬೇಕ್ಲಾ? ರೈಲಲ್ಲೇ ಬಂದ ಅನ್ನಿಸ್ಕಬೇಕು.'

ಮೊರೆ ಸರ್ಕಾರಕ್ಕೆ ಮುಟ್ಟಿತು. ಸರ್ಕಾರ ಮರುಗಿತು. ಕೂಡಲೇ 'ಅಂಗವಿಕಲ ಪ್ರಯಾಣಿಕರ ಆರೋಹಣಾನುಕೂಲ ಸಮಿತಿ' ಹುಟ್ಟಿತು. ವಿಶೇಷಾಧಿಕಾರಿಯಾಗಿ ಕಸ್ತೂರಿರಂಗ ಬಂದರು. ಅಧ್ಯಕ್ಷರಾದವರು ಮಳವಳ್ಳಿಯ ಜಮೀನುದಾರ ಚಿಕ್ಕಣ್ಣನವರು. ಅವರ ಎಡಗಾಲಿನ ಕಿರುಬೆರಳಿಗೆ ಆಣಿಯಾಗಿದ್ದುದರಿಂದ ಅಂಗವಿಕಲರ ನೋವು ಬಲ್ಲವರೆಂದು ಪರಿಗಣಿಸಲಾಗಿತ್ತು.

ಮಂಡ್ಯದಲ್ಲಿ ಮೊದಲ ಸಭೆ ನಡೆಯಿತು. ಹಣವನ್ನು ಎಲ್ಲಿ ಖರ್ಚು ಮಾಡಬೇಕೆಂಬುದೇ ವಿಷಯ.

'ಇದ್ರಲ್ಲಿ ಯೋಚ್ನೆ ಮಾಡಾಕೇನೈತೆ?' ಎಂದರು ಚಿಕ್ಕಣ್ಣ. 'ಹಬ್ಬದಾಗೆ ಮರಿ ಕಡಿದ್ರೆ ಬಾಡನ್ನ ಗುಡ್ಡೆ ಹಾಕಾಕಿಲ್ವ? ಮನೆಗೊಂದು ಗುಡ್ಡೆ. ಹಲ್ಲಿರೋ ಮನೆ, ಹಲ್ಲಿಲ್ದೋರ ಮನೆ ಅಂತ ಭೇದ ಮಾಡ್ತೀವಾ? ಮಂಡ್ಯಕ್ಕೊಂದು ಗುಡ್ಡೆ, ಮದ್ದೂರಿಗೊಂದು ಗುಡ್ಡೆ, ಮಳವಳ್ಳಿಗೊಂದು ಗುಡ್ಡೆ.'

'ಆದರೆ ಮಳವಳ್ಳಿಯಲ್ಲಿ ರೈಲು...' ಎಂದು ಕಸ್ತೂರಿರಂಗರು ಮೆಲ್ಲಗೆ ಎಳೆದರು.

'ರೈಲಿಲ್ಲ ಅಂತ ಗುಡ್ಡೆ ತಪ್ಪಿಸಿದ್ರೆ ಅದು ಬಹಿಷ್ಕಾರ ಆಯ್ತದೆ ಸ್ವಾಮಿ. ಒಂದು ತಾಲ್ಲೂಕ್ಗೇ ಬಹಿಷ್ಕಾರ ಹಾಕಿದ ಪಾಪ ನಿಮಗ್ಯಾಕೆ?'

ಜನ್ಮದಲ್ಲಿ ಬಾಡು ಮುಟ್ಟದ ಕಸ್ತೂರಿರಂಗರು ತತ್ವವನ್ನು ಒಪ್ಪಿ, ನಡಾವಳಿಯಲ್ಲಿ ಅದಕ್ಕೆ 'ಸಮರಾಶಿ ಹಂಚಿಕೆ' ಎಂದು ಹೆಸರಿಟ್ಟರು.

ಮಂಡ್ಯದ ಗುಡ್ಡೆಯಲ್ಲಿ ಸಮಿತಿಗೆ ಮೆತ್ತನೆಯ ಕುರ್ಚಿಗಳು ಬಂದವು. ಕಾಲಿಲ್ಲದವರ ಕಷ್ಟವನ್ನು ನಿಂತುಕೊಂಡು ಯೋಚಿಸುವುದು ಅನುಚಿತವೆಂದು ಸಮಿತಿ ಅಭಿಪ್ರಾಯಪಟ್ಟಿತ್ತು.

ಮದ್ದೂರಿನ ಗುಡ್ಡೆ ಹೊಸಕಟ್ಟೆಗೆ ಬಂತು. ನೆಲದಿಂದ ಪ್ಲಾಟ್‌ಫಾರಮ್ಮಿಗೆ ಇಳಿಜಾರು ಕಟ್ಟಬೇಕೆಂದು ಆಜ್ಞೆ. ಹಾಲ್ಟಿಗೆ ಪ್ಲಾಟ್‌ಫಾರಮ್ಮೇ ಇರಲಿಲ್ಲ, ಬರೀ ನೆಲ. ನೆಲದಿಂದ ನೆಲಕ್ಕೆ ಕಟ್ಟುವ ಇಳಿಜಾರಿನ ಎತ್ತರ ಸೊನ್ನೆ ಎಂದು ಲೆಕ್ಕ ಹಾಕಿ, ಸೊನ್ನೆ ಎತ್ತರದ ಇಳಿಜಾರನ್ನು ಅತ್ಯಂತ ಗಟ್ಟಿಮುಟ್ಟಾಗಿ ಕಟ್ಟಲಾಯಿತು. ಅದು ಎಲ್ಲಿದೆಯೆಂದು ತಿಳಿಯಲು ಸುತ್ತ ಸುಣ್ಣದ ಗೆರೆ ಎಳೆದು, ಟೇಪು ಕತ್ತರಿಸಿ, ಮೈಸೂರುಪಾಕು ಹಂಚಿದರು.

ಮರಿಸಿದ್ದಯ್ಯ ಗೆರೆಯೊಳಗೆ ಹಲಗೆ ಉರುಳಿಸಿಕೊಂಡು ಹೋಗಿ ತಲೆಯೆತ್ತಿದ. ರೈಲಿನ ಬಾಗಿಲು ಅವನ ತಲೆಯ ಮೇಲೆ ಅಟ್ಟದ ಹಾಗೆ ಕಂಡಿತು.

'ಸ್ವಾಮಿ, ಇದನ್ನ ಅತ್ತೋದೆಂಗೆ?'

'ಅದು ಡಬ್ಬಿಯ ತಪ್ಪು ಕಣಯ್ಯ' ಎಂದರು ಕಸ್ತೂರಿರಂಗರು. 'ನಮ್ಮ ಇಳಿಜಾರಿನಲ್ಲಿ ಏನಾದರೂ ಕೊರತೆ ಕಾಣಿಸ್ತಾ?'

ಕೊರತೆ ಹೇಳಲು ಅಲ್ಲಿ ಏನಾದರೂ ಇರಬೇಕಲ್ಲ. ಮರಿಸಿದ್ದಯ್ಯ ಹಲಗೆ ತಿರುಗಿಸಿಕೊಂಡು ಮನೆಗೆ ಹೊರಟ.

ಮಳವಳ್ಳಿಯ ಗುಡ್ಡೆ ಮಾತ್ರ ಸಾರ್ಥಕವಾಯಿತು. ಚಿಕ್ಕಣ್ಣನವರು ತಮ್ಮ ಕಲ್ಲುಹೊಲವನ್ನು ನಿಲ್ದಾಣಕ್ಕೆಂದು ಸಮಿತಿಗೆ ಮಾರಿದರು. ಅಲ್ಲಿ ಗಟ್ಟಿ ಪ್ಲಾಟ್‌ಫಾರಮ್ಮು ಎದ್ದಿತು. ಅದಕ್ಕೆ ಹೆಣ್ಣಿನ ಜಡೆಯಂಥ ಉದ್ದನೆಯ ಇಳಿಜಾರು, ಹಿಡಿದುಕೊಳ್ಳಲು ಕಬ್ಬಿಣದ ಕಂಬಿ. ಉಳಿದ ಸಿಮೆಂಟು ಮಳೆಗೆ ಹಾಳಾಗಬಾರದೆಂದು ಚಿಕ್ಕಣ್ಣನವರು ಅದನ್ನು ತಮ್ಮ ಮನೆಯ ಮೇಲೆ ಒಂದು ಮಹಡಿಯ ರೂಪದಲ್ಲಿ ಜೋಪಾನ ಮಾಡಿದರು.

ಅಷ್ಟರಲ್ಲಿ ತಪಾಸಣಾಧಿಕಾರಿ ತಿರುನಾರಾಯಣರು ಬರುತ್ತಾರೆಂಬ ಸುದ್ದಿ ಬಂತು. ನಿಯಮ ಹೀಗಿತ್ತು: 'ನೈಜ ಅಂಗವಿಕಲನೊಬ್ಬನು ಇಳಿಜಾರನ್ನು ಏರಿ, ಟಿಕೀಟು ಪಡೆದು, ಸ್ವತಃ ರೈಲು ಹತ್ತತಕ್ಕದ್ದು. ಟಿಕೀಟಿನಲ್ಲಿ ಕಂಡ ಊರಿನಲ್ಲಿ ಸ್ವತಃ ಇಳಿಯುವವರೆಗೆ ಅವನು ಹತ್ತಿದನೆಂದು ತಿಳಿಯತಕ್ಕದ್ದಲ್ಲ. ತಪ್ಪಿದಲ್ಲಿ ಪೂರ್ತಿ ಹಣವನ್ನು ಸಮಿತಿಯವರಿಂದ ವಸೂಲು ಮಾಡತಕ್ಕದ್ದು.'

ಚಿಕ್ಕಣ್ಣನವರು ತಮ್ಮ ಮಹಡಿಯನ್ನೊಮ್ಮೆ ನೋಡಿಕೊಂಡರು. 'ಸ್ವಾಮಿ, ರೈಲು ಅಂದ್ರೆ ಏನು ಅಂತ ನಿಮ್ಮ ರೂಲ್ಸಲ್ಲಿ ಐತಾ?'

ಕಸ್ತೂರಿರಂಗರು ಹುಡುಕಿದರು. ಇತ್ತು. 'ಒಂದರ ಹಿಂದೊಂದು ಜೋಡಿಸಿದ, ಚಕ್ರವುಳ್ಳ, ಮುಂದಿನದು ಹೋದತ್ತ ಹಿಂದಿನದೂ ಹೋಗುವ ಬಂಡಿಗಳ ಸಾಲು.'

'ಹಂಗಾದ್ರೆ ನಮ್ಮ ಕಬ್ಬಿನ ಗಾಡಿಗೋಳು ಏನು ಪಾಪ ಮಾಡವೆ?'

ತಪಾಸಣೆಯ ದಿನ ಬೆಳಿಗ್ಗೆ ಮಳವಳ್ಳಿಯ ಪ್ಲಾಟ್‌ಫಾರಮ್ಮಿಗೆ ಎತ್ತಿನ ಗಾಡಿಗಳ ಸಾಲು ಬಂದು ನಿಂತಿತು. ಒಂದರ ಬಾಲಕ್ಕೆ ಹಿಂದಿನ ಗಾಡಿಯ ಎತ್ತುಗಳ ಮೂಗುದಾರ ಬಿಗಿದಿದ್ದರು. ಕೊತ್ತತ್ತಿಯಿಂದ ತಂದ ಮುಂದಿನ ಜೋಡಿ ಎಂಥದು ಅಂತೀರಿ! ಅವು ಉಸಿರು ಬಿಟ್ಟರೆ ಹೊಗೆಯೇ ಬರುತ್ತಿತ್ತು. ಗಾಡಿ ಹೊಡೆಯುವ ಪುಟ್ಟರಾಜು ಖಾಕಿ ತೊಟ್ಟು, ಒಂದು ಕೈಲಿ ಕೆಂಪು ಟವಲು, ಇನ್ನೊಂದರಲ್ಲಿ ಹಸಿರು ಟವಲು ಹಿಡಿದು ಗಾರ್ಡಾಗಿ ನಿಂತಿದ್ದ. ಪಟ್ಟಲಮ್ಮ ಕಡ್ಲೆಕಾಯಿ ಬುಟ್ಟಿ ತಂದು, ರೈಲು ಬರುವ ಮೊದಲೇ ರೈಲಿನ ದರಕ್ಕೆ ಮಾರತೊಡಗಿದ್ದಳು.

ಸಮಿತಿ ನಿಯಮ ಓದಿ ಹೇಳಿ ಕರೆಸಿದ್ದರಿಂದ ಚಿಕ್ಕರಸಿನಕೆರೆ ಊರಿನ ಮಾರ್ಗವಾಗಿ ಹಲಗೆ ತಳ್ಳಿಕೊಂಡು ಬಂದ ಮರಿಸಿದ್ದಯ್ಯ ಬಾವಿಯಲ್ಲಿ ಮೈತೊಳೆದು, ಮಡಿ ಅಂಗಿ ತೊಟ್ಟು, ಒಂದೇ ಉಸಿರಿಗೆ ಇಳಿಜಾರು ಏರಿದ.

'ಯಾವೂರ್ಗಯ್ಯ ಟಿಕೀಟು?' ಎಂದರು ಚಿಕ್ಕಣ್ಣ, ನಾಟಕಕ್ಕೆ.

'ಚನ್ನಪಟ್ಟಣಕ್ಕೆ' ಎಂದ ಮರಿಸಿದ್ದಯ್ಯ, ನಿಜಕ್ಕೆ.

ತಪಾಸಣೆಗೆ ಬಂದು ನಿಂತಿದ್ದ ತಿರುನಾರಾಯಣರ ಎದುರಿಗೇ ಕಸ್ತೂರಿರಂಗರು ಟಿಕೀಟು ಹರಿದುಕೊಟ್ಟರು. ಗಾಡಿಯ ಹಾಸೂ ಪ್ಲಾಟ್‌ಫಾರಮ್ಮೂ ಅಳತೆ ತೆಗೆದ ಹಾಗೆ ಒಂದೇ ಮಟ್ಟ. ಹಲಗೆ ಸುಯ್ಯನೆ ಒಳಗೆ ಹೋಯಿತು. ಯಾರ ಕೈಯೂ ಅವನಿಗೆ ತಾಗಲಿಲ್ಲ.

'ಎಂಜಿನ್ ಎಲ್ಲಿ?' ಎಂದು ತಿರುನಾರಾಯಣರು ಕೇಳಿದರು.

'ಅದು ಮುಂದಿನ ಕಂತಲ್ಲಿ ಸಾರ್' ಎಂದರು ಕಸ್ತೂರಿರಂಗರು.

ತಿರುನಾರಾಯಣರು ತೃಪ್ತರಾದರು. ಜನ ಚಪ್ಪಾಳೆ ತಟ್ಟಿದರು.

'ಸರಿ ಇನ್ನು ಇಳ್ಯಲಾ ಸಿದ್ದ' ಎಂದರು ಚಿಕ್ಕಣ್ಣ.

'ಎಲ್ಲಿಗೆ ಇಳೀಲಿ ಚಿಕ್ಕಣ್ಣೋರೆ? ಇದು ಮಳವಳ್ಳಿ. ನನ್ ಟಿಕೀಟು ಚನ್ನಪಟ್ಟಣಕ್ಕೆ.'

'ಲೇ, ತಮಾಸೆ ಮಾಡ್ಬ್ಯಾಡ ಕಣ್ಲಾ!'

'ತಮಾಸೆ ಎಲ್ಲೈತೆ? ನಿಮ್ಮ ರೂಲ್ಸೇ ಹೇಳ್ತದಲ್ಲ, ಟಿಕೀಟಿನ ಊರಲ್ಲಿ ಇಳಿದ್ರೇನೆ ಅತ್ತಿದ ಲೆಕ್ಕ. ಎಳೆದು ಇಳಿಸ್ತೀರಾ? ಇಳಿಸಿ. ಆಮ್ಯಾಕೆ ನಿಮ್ಮ ಮಹಡಿ ಕೆಡವಿ ದುಡ್ಡು ಕಟ್ರಿ.'

ತಿರುನಾರಾಯಣರು ಗಂಭೀರವಾಗಿ ತಲೆದೂಗಿದರು. ಚಿಕ್ಕಣ್ಣನವರ ಮುಖ ಬೇಯಿಸಿದ ಬದನೆಕಾಯಿಯಂತಾಯಿತು. 'ಹಸಿರು ತೋರ್ಸಲಾ ಪುಟ್ಟರಾಜು' ಎಂದರು. ಅಧ್ಯಕ್ಷರು, ವಿಶೇಷಾಧಿಕಾರಿ, ತಪಾಸಣಾಧಿಕಾರಿ, ಕಡ್ಲೆಕಾಯಿ ಬುಟ್ಟಿಯೊಂದಿಗೆ ಪಟ್ಟಲಮ್ಮ, ಎಲ್ಲರೂ ಹತ್ತಿಕೊಂಡರು. ರೈಲು ಹೊರಟಿತು.

ಮದ್ದೂರು ದಾಟಿದ ಮೇಲೆ ಒಂದು ರೈಲ್ವೆ ಗೇಟು ಮುಚ್ಚಿತ್ತು. ಗೇಟು ಕಂಡ ಪುಟ್ಟರಾಜು ತನ್ನ ಗಾಡಿಗಳನ್ನು ನಿಲ್ಲಿಸಲು ಕೆಂಪು ಟವಲು ಬೀಸಿದ. ಅದು ಹಳಿಯ ಮೇಲೆ ಬರುತ್ತಿದ್ದ ಇನ್ನೊಂದು ರೈಲಿಗೂ ಕಂಡು, ಅದೂ ಕಿರ್ರನೆ ನಿಂತಿತು. ಗೇಟಿನ ಶಿವಣ್ಣ ತಲೆ ಕೆರೆದುಕೊಂಡ.

'ಎರಡೂ ರೈಲೇ ಅಂತೀರಿ. ಯಾವುದ್ನ ಮುಂದೆ ಬುಡ್ಲಿ ಸಾರ್?'

ಇದು ರೈಲೆಂದು ಬೆಳಿಗ್ಗೆ ತಾವೇ ಒಪ್ಪಿದ್ದ ತಿರುನಾರಾಯಣರಿಗೆ ಬೇರೆ ದಾರಿ ಇರಲಿಲ್ಲ. 'ಅಂಗವಿಕಲರಿರುವ ರೈಲಿಗೆ ಮೊದಲ ಆದ್ಯತೆ' ಎಂದರು.

ಗೇಟು ತೆರೆಯಿತು. ಗಾಡಿಗಳು ಗಂಟೆ ಆಡಿಸುತ್ತ ಹಳಿ ದಾಟಿದವು. ಆ ರೈಲಿನಲ್ಲಿ ನಿಂತು ನಿಂತು ಸೋತಿದ್ದ ಕೆಲವರು, ಇದರಲ್ಲಿ ಹುಲ್ಲಿನ ಮೆತ್ತೆಯಿದೆ, ಗಾಳಿಯೂ ಚೆನ್ನಾಗಿದೆ ಎಂದು ಇಳಿದು ಬಂದು ಇದನ್ನೇ ಹತ್ತಿದರು. ಕಸ್ತೂರಿರಂಗರು ಅವರಿಗೂ ಟಿಕೀಟು ಹರಿದರು.

ಚನ್ನಪಟ್ಟಣ ಮುಟ್ಟುವ ಹೊತ್ತಿಗೆ ಮಾರನೆಯ ದಿನದ ಬಿಸಿಲೇರಿತ್ತು. ನಿಲ್ದಾಣದಿಂದ ಮನೆಗೆ ಹೋಗುವ ತಾಪತ್ರಯವೂ ಇರಲಿಲ್ಲ, ರೈಲೇ ಬೀಗರ ಬಾಗಿಲಿಗೆ ಬಂತು. ಪುಟ್ಟರಾಜು ಎತ್ತು ಬಿಚ್ಚಿ ಗಾಡಿಯ ನೊಗ ಕಟ್ಟುವ ಮೂಕಿಯನ್ನು ನೆಲಕ್ಕೆ ಊರಿದ. ಗಾಡಿ ಮುಂದಕ್ಕೆ ಬಾಗಿ ತಾನೇ ಇಳಿಜಾರಾಯಿತು. ಮರಿಸಿದ್ದಯ್ಯ ಅಂಗಿ ಸರಿಮಾಡಿಕೊಂಡು, ಬೀಗರೆಲ್ಲ ನೋಡುತ್ತಿದ್ದಂತೆ ಜಾರಿ ಅಂಗಳಕ್ಕೆ ಇಳಿದ. ಎತ್ತುವವರಿಲ್ಲ, ಇಳಿಸುವವರಿಲ್ಲ. ಇಂಥ ಇಳಿಜಾರಿಗೆ ಮಂಜೂರಾತಿ ಇಲ್ಲವೆಂದು ಕಸ್ತೂರಿರಂಗರು ಬೇಸರಪಟ್ಟರು.

ಮಾಯಮ್ಮ ಮಗುವನ್ನು ಅಪ್ಪನ ಮಡಿಲಿಗೆ ಹಾಕಿದಳು. 'ಅಪ್ಪೋ, ನೆನ್ನೇನೇ ಬತ್ತೀನಿ ಅಂದಿದ್ದೆ?'

'ರೈಲು ಲೇಟು ಕಣವ್ವ.'

'ರೈಲು ಅಂದ್ಮೇಲೆ ಅದಿದ್ದದ್ದೇ ಬುಡಿ ಬೀಗ್ರೇ' ಎನ್ನುತ್ತ ಬೀಗಿತಿ ಶಿವನಂಜಮ್ಮ ಅಧಿಕಾರಿಗಳಿಗೆ ನೀರುಮಜ್ಜಿಗೆ ಕೊಟ್ಟಳು, ರೈಲಿಗೆ ಎರಡು ಹೊರೆ ಹುಲ್ಲು ಹಾಕಿದಳು. ಆಮೇಲೆ ಸೆರಗಿಗೆ ಕೈ ಒರೆಸಿಕೊಂಡು ಪುಟ್ಟರಾಜುವನ್ನು ಕೇಳಿದಳು:

'ವಾಪಸ್ ಗಾಡಿ ಎಷ್ಟೊತ್ಗಪ್ಪ? ನಮ್ಮ ನಾದಿನಿ ಮಳವಳ್ಳಿಗೆ ಓಗ್ಬೇಕು.'

'ಮೆಲುಕು ಹಾಕಿ ಎದ್ದ ತಕ್ಷಣ ಕಣಮ್ಮ.'

ಶಿವನಂಜಮ್ಮ ಗಂಟು ಕಟ್ಟಿಸಲು ಒಳಗೆ ಓಡಿದಳು.